ಮೂರನೇ ಎಲೆಗೆ ಮುಂಚೆ

ಯುಗಾದಿಯ ಮರುದಿನ ವರ್ಷತೊಡಕು. ಹುಣಸೂರು ಕಡೆಯ ನಮ್ಮೂರಲ್ಲಿ ಅವತ್ತು ಬಾಡೂಟವೂ ಇರಬೇಕು, ಇಸ್ಪೀಟೂ ಇರಬೇಕು. ಆಡುವವರಿಗೆಲ್ಲ ಒಂದೊಂದು ಬೊಗಸೆ ಹುಣಿಸೆ ಬೀಜ. ಬೀಜ ಮುಗಿದವನು ಏಳಬೇಕು. ಕೊನೆಗೆ ಉಳಿದವನಿಗೆ ಒಂದು ಟಗರು.

ಟಗರು ಕೊಡುವುದು ವರ್ಷಕ್ಕೊಂದು ಮನೆ. ಆ ಸಲ ನಮ್ಮ ಸರದಿ. ಕಾಳಗಕ್ಕೆಂದು ನಾನು ಹುರುಳಿ ತಿನ್ನಿಸಿ ಸಾಕಿದ್ದ ಟಗರನ್ನೇ ಅಣ್ಣ ಎಳೆದು ತಂದು ಅರಳಿಕಟ್ಟೆಗೆ ಕಟ್ಟಿದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಅದನ್ನು ವಾಪಸ್ ತರಬೇಕೆಂದೇ ನಾನು ಆಟಕ್ಕೆ ಕೂತೆ.

ಲಾಟೀನು ಹಚ್ಚುವ ಹೊತ್ತಿಗೆ ಕಂಬಳಿ ಮೇಲೆ ಉಳಿದವರು ನಾನು ಮತ್ತು ನನ್ನ ಸೋದರಮಾವ. ನಮ್ಮಾಟದಲ್ಲಿ ಎರಡೆಲೆ ಕೈಗೆ. ಮೂರನೆಯದನ್ನು ನಡುವೆ ತೆರೆದಿಡುತ್ತಾರೆ, ಅದು ಇಬ್ಬರಿಗೂ ಸೇರಿದ್ದು. ಅದು ಬೀಳುವ ಮೊದಲೊಮ್ಮೆ, ಬಿದ್ದಮೇಲೊಮ್ಮೆ ಬೀಜ ಕಟ್ಟಬೇಕು. ಒಬ್ಬ ಕಟ್ಟಿದಷ್ಟನ್ನು ಇನ್ನೊಬ್ಬ ಸಮ ಹಾಕಬೇಕು, ಇಲ್ಲವೇ ಎಲೆ ಬಿಸಾಕಿ ಆ ಆಟ ಬಿಡಬೇಕು. ಮಾವ ಒಂದು ಹಿಡಿ ಕಟ್ಟಿದ. ನನ್ನ ಕೈಯಲ್ಲಿ ಎರಡು ಗುಲಾಮ. ಇದ್ದದ್ದನ್ನೆಲ್ಲ ಸುರಿಯಲು ಬೀಜಕ್ಕೆ ಕೈ ಹಾಕಿದೆ.

ಹಿಂದೆ ಕೂತಿದ್ದ ಅಣ್ಣ ತೋಳು ಹಿಡಿದ.

"ಮಾವನ್ ಮೇಲೆ ಎಲ್ಲಾ ಸುರೀತೀಯೇನ್ಲಾ? ಮರ್ವಾದೆ ಬ್ಯಾಡ್ವಾ? ಸಮ ಹಾಕು. ಮೂರ್ನೇ ಎಲೆ ನೋಡ್ಕಂಡು ಆಮ್ಯಾಕೆ ಸುರಿ."

"ಇಸ್ಪೀಟಲ್ಲಿ ಎಂಥಾ ಮರ್ವಾದೆ ಅಣ್ಣ?"

"ಅವ್ವನ ಒಡಹುಟ್ಟಿದೋರು ಕಣ್ಲಾ ಅವ್ರು!"

ಅಣ್ಣನಿಗೆ ಮಾವನ ಮಗಳ ಮೇಲೆ ಕಣ್ಣು. ಮಾವ ಕೆಮ್ಮಿದರೆ ಇವನು ನೀರು ತರುತ್ತಿದ್ದ. ಸುತ್ತ ಕೂತ ಹಿರಿಯರೂ ತಲೆಯಾಡಿಸಿದರು. ದೊಡ್ಡವರ ಎದುರು ಮೊದಲ ಸುತ್ತಿಗೇ ಎಲ್ಲ ಸುರಿಯಬಾರದು ಅನ್ನುವುದು ಊರ ರೂಢಿ. ಹಾಳು ರೂಢಿ. ಹಲ್ಲು ಕಚ್ಚಿಕೊಂಡು ಒಂದು ಹಿಡಿ ಸಮ ಹಾಕಿದೆ.

ಮೂರನೇ ಎಲೆ ಒಂಬತ್ತು ಬಿತ್ತು. ಮಾವ ತನ್ನ ಬೀಜವನ್ನೆಲ್ಲ ಕಂಬಳಿಗೆ ಸುರಿದ.

"ಬಾರ್ಲಾ ಅಳಿಯ."

ಚಿಕ್ಕವನ ಮೇಲೆ ಸುರಿಯಲು ಯಾವ ರೂಢಿಯೂ ಅಡ್ಡ ಬರಲಿಲ್ಲ. ನಾನೂ ಸುರಿದೆ. ಮಾವ ಎಂಟು, ಹತ್ತು ತೋರಿಸಿದ. ನಡುವೆ ಒಂಬತ್ತು. ಸಾಲಾಗಿ ಮೂರೆಲೆ ಬಂದರೆ ಜೋಡಿ ಸೋತ ಹಾಗೆ.

"ಮೊದ್ಲೇ ಎಲ್ಲಾ ಸುರ್ದಿದ್ರೆ ನಾನು ಎಲೆ ಬಿಸಾಕ್ಬುಡ್ತಿದ್ದೆ ಕಣ್ಲಾ," ಎಂದು ಮಾವ ನಕ್ಕ. ತಿರುಗಿ ನೋಡಿದೆ. ಅಣ್ಣನೂ ನಗುತ್ತಿದ್ದ.

ಗೆದ್ದ ಟಗರನ್ನು ಮಾವ ಅಲ್ಲೇ ಕುಯ್ಸಿ ಗುಡ್ಡೆ ಹಾಕಿಸಿದ, ನೆಂಟರ ಮನೆಗೊಂದು ಪಾಲು. ನಮ್ಮ ಪಾಲನ್ನು ಅವ್ವ ಬೇಯಿಸಿದಳು. ಅಣ್ಣ ಮೂಳೆ ಚೀಪುತ್ತಾ, "ಹುರುಳಿ ತಿಂದ ಬಾಡು, ಏನ್ ರುಚಿ ಕಣ್ಲಾ," ಎಂದ.

ನಾನೆದ್ದು ಕೊಟ್ಟಿಗೆಗೆ ಹೋದೆ. ಬೆಳಿಗ್ಗೆ ಟಗರಿಗೆಂದು ನೆನೆಹಾಕಿದ್ದ ಹುರುಳಿ ಮಡಕೆಯಲ್ಲಿ ಹಾಗೇ ಇತ್ತು. ತಂದು ಅವನ ತಟ್ಟೆಗೆ ಬಗ್ಗಿಸಿದೆ.

"ಇದ್ನೂ ತಿನ್ನು. ಬರೋ ವರ್ಷ ಆ ಕಟ್ಟೆಗೆ ನಿನ್ನೇ ಕಟ್ಟಾಕ್ತೀನಿ."