ಹಲಗೆಯ ಮೇಲಿನ ಎರಡು ಮಾತು

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಶಾಲೆ ಬಿಟ್ಟು ಎರಡು ವರ್ಷವಾಯಿತು, ಮಾತನ್ನು ಚಂದವಾಗಿ ಜೋಡಿಸಲೂ ಬರುವುದಿಲ್ಲ. ತಪ್ಪಿದ್ದರೆ ಕ್ಷಮಿಸಬೇಕು. ಇದು ನನ್ನ ದೊಡ್ಡಮ್ಮನ ವಿಷಯ.

ದೊಡ್ಡಮ್ಮ ಹನ್ನೊಂದು ವರ್ಷದಿಂದ ಒಂದು ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾಳೆ. ಬೆಳಿಗ್ಗೆ ಬಾಗಿಲ ಪಕ್ಕದ ಚಿಕ್ಕ ಕರಿಹಲಗೆ ಒರೆಸಿ ಅವತ್ತಿನ ಪಾಳಿ ಬರೆಯುವುದೂ ಅವಳದೇ ಕೆಲಸ. ಫ್ಯಾನು ತಿರುಗುತ್ತಿಲ್ಲ, ಸೋಪಿನಿಂದ ಕೈ ಬಿರಿಯುತ್ತಿದೆ ಎಂದೆಲ್ಲ ಯಾರಾದರೂ ಮೂಲೆಯಲ್ಲಿ ಗೀಚಿದ್ದರೆ ಅದೂ ಅಳಿಸಿಹೋಗುತ್ತಿತ್ತು. ಅವಳು ಓದುತ್ತಲೂ ಇರಲಿಲ್ಲ.

ಕಳೆದ ತಿಂಗಳು ಹಬೆ ಕೊಳವೆ ಸೋರಿ ಅವಳ ಮುಂಗೈ ಸುಟ್ಟಿತು. ಹೇಳಿದರೆ ಸೂಪರ್‌ವೈಸರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಅವಳೇ ಹಲಗೆಯ ಮೇಲೆ ಬರೆದಳು: "ಮೂರನೇ ಮೆಷಿನ್ ಕೊಳವೆ ಸೋರುತ್ತಿದೆ. ಹೇಳಿದರೂ ರಿಪೇರಿ ಮಾಡಿಸಿಲ್ಲ." ಮರುದಿನವೂ ಅದನ್ನು ಒರೆಸದೆ, ಉಳಿದ ಜಾಗದಲ್ಲೇ ಇಕ್ಕಟ್ಟಾಗಿ ಪಾಳಿ ಬರೆದಳು.

ಸೂಪರ್‌ವೈಸರ್ ನಕ್ಕ. "ಬರೀರಮ್ಮ ಬರೀರಿ. ಬೇಡ ಅಂತ ಕಾನೂನಿದೆಯಾ?"

ಅವತ್ತಿನಿಂದ ಊಟಕ್ಕೆ ಅವಳ ಪಕ್ಕ ಯಾರೂ ಕೂರಲಿಲ್ಲ. ಬಾಯಿ ಮುಚ್ಚದವಳೆಂದು ಎಲ್ಲರೂ 'ರೇಡಿಯೊ' ಎನ್ನುವ ಗೆಳತಿಯೂ ಡಬ್ಬಿ ಎತ್ತಿಕೊಂಡು ಎದ್ದಳು.

"ಏನೇ, ನಿನ್ನ ಸ್ಟೇಷನ್ನೂ ಬಂದ್ ಆಯ್ತಾ?"

"ನಮಗೂ ಹೊಟ್ಟೆಪಾಡಿದೆ ಅಕ್ಕ. ಅದನ್ನ ಒರೆಸ್ಬಿಡು, ಎಲ್ಲ ಸರಿಹೋಗುತ್ತೆ."

ದೊಡ್ಡಮ್ಮ ಒರೆಸಲಿಲ್ಲ. ಒಬ್ಬಳೇ ಉಂಡು ಉಂಡು ಅನ್ನವೂ ಸಪ್ಪೆಯಾಯಿತು.

ಇವತ್ತು ಬೆಳಿಗ್ಗೆ ಅದರ ಕೆಳಗೆ ಇನ್ನೊಂದು ಸಾಲಿತ್ತು: "ಕೊಳವೆ ಸರಿಯಾಗಿದೆ. ತೂಕಡಿಸಿ ಕೈ ಸುಟ್ಟುಕೊಂಡವರ ಮಾತು ನಂಬಬೇಡಿ." ಅದು ರೇಡಿಯೊಳ ಅಕ್ಷರ. ದೊಡ್ಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು ತಾನೆ, ಒರೆಸಿದರೇನು ಎಂದುಕೊಂಡು ಡಸ್ಟರನ್ನು ಆ ಸಾಲಿನ ಮೇಲಿಟ್ಟಳು.

ಹಿಂದೆಯೇ ರೇಡಿಯೊ ನಿಂತಿದ್ದಳು. "ಒರೆಸು, ಒರೆಸು. ಡಸ್ಟರ್ ನಿನ್ನ ಕೈಯಲ್ಲೇ ಇದೆಯಲ್ಲ."

ದೊಡ್ಡಮ್ಮನ ಕೈ ಅಲ್ಲೇ ನಿಂತಿತು.

"ಹನ್ನೊಂದು ವರ್ಷ ಒರೆಸಿದೀನಿ ಕಣೆ. ಯಾರ್ ಯಾರ ಮಾತೋ ಏನೋ, ಓದ್ಲೂ ಇಲ್ಲ. ಸಾಕಾಗಿದೆ." ಅವಳು ಡಸ್ಟರ್ ಕೆಳಗಿಟ್ಟಳು. "ನಂದೂ ಇರ್ಲಿ, ನಿಂದೂ ಇರ್ಲಿ. ಅನುಮಾನ ಇದ್ದೋರು ಹೋಗಿ ಕೊಳವೆ ನೋಡ್ಕೊಳ್ಳಲಿ."

ಮಧ್ಯಾಹ್ನ ಊಟಕ್ಕೆ ರೇಡಿಯೊ ಪಕ್ಕಕ್ಕೆ ಬರಲಿಲ್ಲ. ಕೊಳವೆ ಇನ್ನೂ ಸೋರುತ್ತಿದೆ.

ಹಲಗೆಯಲ್ಲಿ ಈಗ ಪಾಳಿಗೆ ಜಾಗವಿಲ್ಲ. ನಾಳೆಯಿಂದ ದೊಡ್ಡಮ್ಮ ಪಾಳಿಯನ್ನು ಕಾಗದದಲ್ಲಿ ಬರೆದು ಪಕ್ಕದ ಗೋಡೆಗೆ ಅಂಟಿಸುತ್ತಾಳೆ.