ಎರಡು ಸೂಜಿಯ ಹೊಲಿಗೆ

ಪ್ಯಾರಿಸ್ಸಿನಲ್ಲಿ ಬಹಳ ಹಿಂದೆ ಒಬ್ಬ ಮನುಷ್ಯ ಕುದುರೆಗಳಿಗೆ ಸಾಜು ಹೊಲಿಯುತ್ತಿದ್ದನಂತೆ. ಲಗಾಮು, ಕೊರಳಪಟ್ಟಿ, ಜೀನು. ಅವನ ಹೆಸರು ಹೊತ್ತ ಕೈಚೀಲಗಳು ಈಗ ಟೋಕಿಯೋದ ಗಾಜಿನ ಕಪಾಟುಗಳಲ್ಲಿ ಕೂತಿರುತ್ತವೆ. ಮುಟ್ಟುವ ಮೊದಲು ಅಂಗಡಿಯವರು ಬಿಳಿಯ ಕೈಗವಸು ಹಾಕಿಕೊಳ್ಳುತ್ತಾರೆ. ಮೈಸೂರಿನಲ್ಲಿ ನನ್ನ ಅಪ್ಪನೂ ಜಟಕಾ ಕುದುರೆಗಳಿಗೆ ಸಾಜು ಹೊಲಿಯುತ್ತಿದ್ದ. ಅವನ ಹತ್ತಿರ ಹೊಲಿಸಲು ಬಂದವರಲ್ಲಿ ಕೆಲವರು ತಂದದ್ದನ್ನು ಅವನ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು.

ನಾನು ಓದಿದ್ದು ಪಿಯುಸಿ. ಬರೆದು ಅಭ್ಯಾಸವಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಾತಾಡಲು ಯಾರೂ ಇಲ್ಲದ್ದರಿಂದ ಬರೆಯುತ್ತಿದ್ದೇನೆ.

ಗಂಡನ ಸಾಫ್ಟ್‌ವೇರ್ ಕೆಲಸಕ್ಕಾಗಿ ಯೋಕೋಹಾಮಾಕ್ಕೆ ಬಂದು, ಅಪ್ಪ ತೀರಿಕೊಂಡಾಗ, ನಾಲ್ಕು ವರ್ಷವಾಗಿತ್ತು. ನಮ್ಮ ಕಟ್ಟಡದಲ್ಲೇ ಎರಡು ಮಹಡಿ ಕೆಳಗೆ ಒಂದು ಬೆಂಗಳೂರಿನ ಸಂಸಾರವಿತ್ತು. ಬಂದ ಮೊದಲ ವಾರವೇ ಆ ಮನೆಯಾಕೆ ಒಂದು ಸ್ಟೀಲ್ ಡಬ್ಬಿಯಲ್ಲಿ ಬಿಸಿಬೇಳೆಬಾತ್ ತಂದುಕೊಟ್ಟಳು. ನಾನು ಅದೇ ಡಬ್ಬಿಯಲ್ಲಿ ಒಬ್ಬಟ್ಟು ಹಾಕಿ ಹಿಂತಿರುಗಿಸಿದೆ. ಆ ಡಬ್ಬಿ ನಾಲ್ಕು ವರ್ಷ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿತು. ಒಮ್ಮೆಯೂ ಖಾಲಿ ಬರಲಿಲ್ಲ, ಖಾಲಿ ಹೋಗಲಿಲ್ಲ.

"ನಿಮ್ಮ ತಂದೆ ಏನ್ ಮಾಡ್ತಾರೆ?" ಎಂದು ಆಕೆ ಮೊದಲ ವಾರವೇ ಕೇಳಿದ್ದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಹೇಳಿದ, "ಲೆದರ್ ಬಿಸಿನೆಸ್." ಆಮೇಲೆ ನನಗೆ, "ಅಷ್ಟು ಸಾಕು, ಡೀಟೇಲ್ಸ್ ಯಾಕೆ?" ಎಂದ. ಅವನೊಬ್ಬನದೇ ತಪ್ಪು ಎಂದು ಬರೆದರೆ ಸುಳ್ಳಾಗುತ್ತದೆ. ನಾನೂ ನಾಲ್ಕು ವರ್ಷ ಅದನ್ನೇ ಹೇಳಿದೆ.

ಅಪ್ಪನಿಗೆ ಅದು ಗೊತ್ತಿತ್ತು. ವಿಡಿಯೋ ಕಾಲ್‌ನಲ್ಲಿ ಕೇಳುತ್ತಿದ್ದ, "ಅಲ್ಲಿಯೋರ್ಗೆ ನಾನೇನು ಅಂತ ಹೇಳಿದ್ದೀಯವ್ವಾ?"

"ಬಿಸಿನೆಸ್ಸು ಅಂತ."

"ಬಿಸಿನೆಸ್ಸಾ! ಹಂಗಾದ್ರೆ ಒಂದು ಕೋಟು ಹೊಲಿಸ್ಬೇಕು ಕಣವ್ವಾ," ಎಂದು ನಗುತ್ತಿದ್ದ. ಮುಂದಿನ ಸಲವೂ ಅದನ್ನೇ ಕೇಳುತ್ತಿದ್ದ. ಉತ್ತರ ಬದಲಾಗಿದೆಯೇ ಎಂದು ನೋಡುತ್ತಿದ್ದನೇನೋ.

ಮಗಳು ಶಾಲೆಗೆ ಸೇರುವ ವರ್ಷ ಅವಳಿಗಾಗಿ ಅಪ್ಪ ಒಂದು ಹೆಗಲ ಚೀಲ ಹೊಲಿದು, ಊರಿಂದ ಬರುವವರ ಕೈಯಲ್ಲಿ ಕಳಿಸಿದ. ಒಳಗೆ ಒಂದು ಬಟ್ಟೆಯ ಚೂರಿಗೆ ಚುಚ್ಚಿದ ಎರಡು ಸೂಜಿ, ಮೇಣ ತಿಕ್ಕಿದ ದಾರದ ಉಂಡೆ, ತೂತು ಹಾಕುವ ಆರಿ. ಪಟ್ಟಿಯ ಹೊಲಿಗೆ ಬಿಟ್ಟರೆ ನಾನೇ ಹೊಲಿದುಕೊಳ್ಳಲಿ ಎಂದು. ಆ ಹೊಲಿಗೆ ನನಗೆ ಬರುತ್ತದೆ. ಚಿಕ್ಕವಳಿದ್ದಾಗ ಅವನ ಎದುರು ಕೂತು ಕಲಿತದ್ದು. ಒಂದೇ ದಾರ, ಎರಡು ತುದಿಗೂ ಸೂಜಿ. ಆರಿಯಿಂದ ತೂತು ಮಾಡಿ ಎರಡು ಸೂಜಿಯನ್ನೂ ಅದೇ ತೂತಿನಲ್ಲಿ ಎದುರುಬದುರು ದಾಟಿಸಿ ಎಳೆಯಬೇಕು. ಒಂದು ಕಡೆ ದಾರ ಕಿತ್ತರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ.

ಚೀಲಕ್ಕೆ ಹದ ಮಾಡಿದ ತೊಗಲಿನ ವಾಸನೆಯಿತ್ತು. ಕೆಳಗಿನ ಮನೆಯಾಕೆ ಒಂದು ದಿನ ಅದನ್ನು ನೋಡಿ ಮೂಗಿನ ಹತ್ತಿರ ಕೈ ಆಡಿಸಿದಳು. "ಎಕ್ಸಿಬಿಷನ್ನಲ್ಲಿ ತಗೊಂಡಿದ್ದು," ಎಂದೆ. ಆವತ್ತೇ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೂಟ್‌ಕೇಸುಗಳ ಹಿಂದೆ ಇಟ್ಟೆ. ಅಪ್ಪನಿಗೆ, ಮಗು ದಿನಾ ಹಾಕಿಕೊಂಡು ಹೋಗುತ್ತಾಳೆ ಎಂದು ಹೇಳಿದೆ.

ಕೊರೊನಾದ ಎರಡನೆಯ ವರ್ಷ, ಬೇಸಿಗೆಯಲ್ಲಿ, ಅಪ್ಪ ಹೋದ. ನಾವು ಊರಿಗೆ ಹೋಗುವಂತಿರಲಿಲ್ಲ. ಹೋದರೆ ವಾಪಸು ಬಿಡುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಮಣ್ಣು ಮಾಡುವುದನ್ನು ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನೋಡಿದೆ. ಮೈಯೆಲ್ಲ ಮುಚ್ಚುವ ಬಿಳಿಯ ಅಂಗಿ ತೊಟ್ಟ ನಾಲ್ಕು ಜನ ಅವನನ್ನು ಬೇಗ ಬೇಗ ಇಳಿಸಿದರು. ಆಮೇಲೆ ಫೋನು ಹಿಡಿದವರ ಕೈ ಕೆಳಗಾಯಿತು, ಅವರ ಚಪ್ಪಲಿ ಕಾಣಿಸಿತು.

ಇಲ್ಲಿನ ಕನ್ನಡಿಗರ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಕೆಳಗಿನ ಮನೆಯಾಕೆ ಫೋನ್ ಮಾಡಿ, "ಸೋ ಸಾರಿ ರೀ. ಬಿಸಿನೆಸ್ ಈಗ ಯಾರು ನೋಡ್ಕೋತಾರೆ?" ಎಂದು ಕೇಳಿದಳು.

ತಿಂಗಳು ತುಂಬುವ ಮೊದಲೇ ಒಂದು ಶನಿವಾರ ಮಧ್ಯಾಹ್ನ ಗುಂಪಿನ ಆನ್‌ಲೈನ್ ಕಾರ್ಯಕ್ರಮವಿತ್ತು. ಮನೆಯಲ್ಲೇ ಕೂತು ಬೇಜಾರಾದವರಿಗಾಗಿ ಪ್ರತಿ ತಿಂಗಳು ಒಬ್ಬರು ಏನಾದರೂ ಹೇಳಬೇಕು. ಆ ಸಲ ಕೆಳಗಿನ ಮನೆಯಾಕೆಯ ಸರದಿ. ವಿಷಯ, ಯೂರೋಪಿನ ದೊಡ್ಡ ಬ್ರಾಂಡುಗಳ ಮೂಲ. ಹಿಂದಿನ ವರ್ಷ ತನ್ನ ಗಂಡ ಟೋಕಿಯೋದ ಅಂಗಡಿಯಲ್ಲಿ ಕೊಡಿಸಿದ, ಆ ಸಾಜಿನವನ ಹೆಸರಿನ ಚೀಲವನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ನಾನು ಕ್ಯಾಮೆರಾ ಆಫ್ ಮಾಡಿ ಕೂತೆ.

ಒಬ್ಬ ಹುಡುಗ ಊರು ಬಿಟ್ಟು ನಡೆದೇ ಪ್ಯಾರಿಸ್ ಸೇರಿ ಪೆಟ್ಟಿಗೆ ಮಾಡುವುದನ್ನು ಕಲಿತನಂತೆ. ಇನ್ನೊಬ್ಬ ಹೋಟೆಲಿನಲ್ಲಿ ಸಾಹುಕಾರರ ಸಾಮಾನು ಹೊತ್ತನಂತೆ. ಆಮೇಲೆ ಸಾಜಿನವನು ಬಂದ. ಪರದೆಯ ಮೇಲೆ ಅವಳು ಚಿತ್ರ ಹಾಕಿದಳು. ಮಂಡಿಗಳ ನಡುವೆ ತೊಗಲು ಹಿಡಿದ ಒಂದು ಜೊತೆ ಕೈ, ಎರಡು ಸೂಜಿ.

"ನೋಡಿ, ಇವತ್ತಿಗೂ ಹ್ಯಾಂಡ್ ಸ್ಟಿಚ್. ಕಲಿಯೋಕೇ ವರ್ಷಗಟ್ಟಲೆ ಬೇಕಂತೆ. ಎಂಥಾ ಹೆರಿಟೇಜ್ ಅಲ್ವಾ? ಇದನ್ನ ಮುಟ್ಟಿದ್ರೆ ಹಿಸ್ಟರಿನೇ ಮುಟ್ಟಿದ ಹಾಗೆ."

"ನಮ್ಮಲ್ಲೂ ಇದಾರಲ್ಲ ಮೇಡಂ, ಬಸ್ ಸ್ಟಾಂಡ್ ಮೂಲೇಲಿ," ಎಂದು ಯಾರೋ ಗಂಡಸು ಹೇಳಿದ. "ಅವ್ರಿಗೂ ಒಂದು ಬ್ರಾಂಡ್ ಮಾಡ್ಕೊಡಿ!"

"ಅಯ್ಯೋ, ಆ ವಾಸನೆಗೆ ಯಾರು ಹೋಗ್ತಾರೆ ಅಂಗಡಿಗೆ?" ಎಂದಳು ಅವಳು. ಎಲ್ಲರ ಚೌಕಗಳಲ್ಲೂ ಹಲ್ಲು ಕಂಡವು.

ನಾನು ಮೈಕ್ ಆನ್ ಮಾಡಿದೆ. "ನಮ್ಮಪ್ಪ ಇದೇ ಕೆಲಸ ಮಾಡ್ತಿದ್ದ. ಇದೇ ಹೊಲಿಗೆ. ಜಟಕಾ ಕಮ್ಮಿಯಾದ ಮೇಲೆ ಮೂಲೇಲಿ ಕೂತು ಚಪ್ಪಲಿನೂ ಹೊಲ್ದ. ಬಿಸಿನೆಸ್ ಅಂತ ಹೇಳಿದ್ದು ಸುಳ್ಳು."

ಪಕ್ಕದ ಕೋಣೆಯಿಂದ ಗಂಡ ಓಡಿಬಂದ. "ಓ," ಎಂದಳು ಅವಳು. "ನೈಸ್. ವೆರಿ ನೈಸ್. ನೆಕ್ಸ್ಟ್ ಸ್ಲೈಡ್ ನೋಡೋಣ."

ಹೇಳಿದೆನೆಂಬ ಸಮಾಧಾನ ನನಗೆ ಆಗಲಿಲ್ಲ. ನಲವತ್ತು ಜನ ಕೇಳಿಸಿಕೊಂಡರು. ಕೇಳಬೇಕಾಗಿದ್ದವನು ಮಣ್ಣಿನಲ್ಲಿದ್ದ.

ಆವತ್ತು ಸ್ಟೀಲ್ ಡಬ್ಬಿ ಕೆಳಗಿನ ಮನೆಯಲ್ಲಿತ್ತು. ಅದು ಮತ್ತೆ ಮೇಲೆ ಬರಲಿಲ್ಲ. ಎರಡು ವಾರದ ಮೇಲೆ ಬಾಗಿಲ ಹಿಡಿಗೆ ನೇತುಹಾಕಿದ ಕೊಂಬಿನಿ ಅಂಗಡಿಯ ಚೀಲ ಸಿಕ್ಕಿತು. ಒಳಗೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಚಿತ್ರಾನ್ನ. ಫೋನಿನಲ್ಲಿ ಸಂದೇಶ: ರಿಟರ್ನ್ ಮಾಡೋದು ಬೇಡ, ಕೊರೊನಾ ಅಲ್ವಾ, ಸೇಫ್ ಆಗಿರೋಣ. ಹಿಂದಿನ ವರ್ಷವೂ ಕೊರೊನಾ ಇತ್ತು. ಆಗ ಡಬ್ಬಿ ಓಡಾಡುತ್ತಲೇ ಇತ್ತು. ನಾನು ಚಿತ್ರಾನ್ನವನ್ನು ಕಸಕ್ಕೆ ಹಾಕಿದೆ. ಅನ್ನ ಬಿಸಾಡಿದ್ದು ಜೀವಮಾನದಲ್ಲಿ ಅದೇ ಮೊದಲು.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವಳೇ ಬಾಗಿಲು ತಟ್ಟಿದಳು. ಎರಡು ಮಾಸ್ಕ್ ಹಾಕಿಕೊಂಡಿದ್ದಳು. ಕೈಯಲ್ಲಿ ಕಾರ್ಯಕ್ರಮದ ದಿನ ಪಕ್ಕದಲ್ಲಿ ಕೂರಿಸಿಕೊಂಡಿದ್ದ ಆ ಪ್ಯಾರಿಸ್ ಚೀಲ, ಹಿಡಿಯ ಹತ್ತಿರ ದಾರ ಕಿತ್ತಿತ್ತು.

"ಶಾಪ್‌ನಲ್ಲಿ ಕೇಳ್ದೆ ರೀ. ಫ್ರಾನ್ಸಿಗೆ ಕಳಿಸ್ಬೇಕು, ಈ ಸಿಚುಯೇಷನ್ನಲ್ಲಿ ಯಾವಾಗ ಬರತ್ತೋ ಗೊತ್ತಿಲ್ಲ ಅಂದ್ರು. ನಿಮ್ಮ ತಂದೆ ಅದೇ ಕೆಲಸ ಅಂದಿದ್ರಲ್ಲ. ನಿಮಗೂ ಬರತ್ತಾ?"

ಹೇಳುತ್ತಲೇ ಚೀಲವನ್ನು ಅದರ ಬಟ್ಟೆಯ ಕವರಿನ ಮೇಲೆ ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

ನಾನು ಬಗ್ಗಿ ಎತ್ತಿಕೊಂಡೆ. ಹೊಲಿಗೆ ಚೆನ್ನಾಗಿತ್ತು. ಅಪ್ಪನದಕ್ಕಿಂತ ಹೆಚ್ಚೇನಲ್ಲ. ಒಂದು ಕಡೆ ಕಿತ್ತಿದ್ದರೂ ಇನ್ನೊಂದು ಕಡೆಯ ದಾರ ಹಿಡಿಯನ್ನು ಬಿಟ್ಟಿರಲಿಲ್ಲ.

"ಬರತ್ತೆ," ಎಂದೆ. "ಒಂದು ಗಂಟೆ ಹಿಡಿಯತ್ತೆ. ಒಳಗೆ ಬನ್ನಿ. ಕಾಫಿ ಮಾಡ್ತೀನಿ, ಕುಡೀತಾ ಕೂತಿರಿ."

"ಅಯ್ಯೋ, ಈಗ ಯಾರ ಮನೆಗೂ ಹೋಗ್ತಿಲ್ಲ ರೀ. ನೀವು ಮಾಡಿ ಹೊರಗಡೆ ಇಟ್ಬಿಡಿ, ನಾನು ತಗೊಂಡ್ ಹೋಗ್ತೀನಿ."

ಹಿಂದಿನ ಭಾನುವಾರ ಅವಳು ಇನ್ನೊಬ್ಬರ ಮನೆಯಲ್ಲಿ ಪಾಯಸದ ಬಟ್ಟಲು ಹಿಡಿದು ನಿಂತ ಫೋಟೋವನ್ನು ನಾನು ಗುಂಪಿನಲ್ಲೇ ನೋಡಿದ್ದೆ.

"ಕಾಫಿ ಕುಡಿದ್ರೆ ಹೊಲಿದು ಕೊಡ್ತೀನಿ. ಇಲ್ಲಾಂದ್ರೆ ಪ್ಯಾರಿಸ್ಸಿಗೇ ಕಳಿಸಿ."

ಅವಳು ಲಿಫ್ಟಿನ ಕಡೆ ನೋಡಿದಳು. ನಾನು ಚೀಲವನ್ನು ನೆಲಕ್ಕಿಡಲಿಲ್ಲ, ಅವಳ ಕಡೆಗೆ ಚಾಚಿ ಹಿಡಿದೆ. ನನ್ನ ಕೈಯಿಂದಲೇ ತೆಗೆದುಕೊಳ್ಳುವವರೆಗೆ ಹಿಡಿದೇ ಇದ್ದೆ. ಕೊನೆಗೆ ಹಿಡಿಯ ತುದಿಯನ್ನು ಎರಡು ಬೆರಳಲ್ಲಿ ಎಳೆದುಕೊಂಡು ಲಿಫ್ಟಿನ ಕಡೆ ಹೋದಳು.

ಬಾಗಿಲು ಹಾಕಿ, ಸೂಟ್‌ಕೇಸುಗಳನ್ನು ಸರಿಸಿ ಅಪ್ಪನ ಚೀಲ ತೆಗೆದೆ. ಪ್ಲಾಸ್ಟಿಕ್ ಬಿಚ್ಚಿದ್ದೇ ತಡ, ಅವನ ಅಂಗಡಿಯೇ ಮನೆಯೊಳಗೆ ಬಂತು. ಬಾಗಿಲ ಪಕ್ಕದ ಕೊಕ್ಕೆಯಲ್ಲಿ, ಯಾರು ಬಂದರೂ ಮೊದಲು ಕಾಣುವ ಜಾಗದಲ್ಲಿ, ಅದನ್ನು ನೇತುಹಾಕಿದೆ.

ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗಂಡ ಕೋಣೆಯಿಂದ ಹೊರಗೆ ಬಂದ. "ಇಲ್ಲ್ಯಾಕೆ? ಬಾಗಿಲು ತೆಗೆದ್ರೆ ವಾಸನೆ ಹೊರಗಡೆವರೆಗೂ ಬರತ್ತೆ."

"ಬರ್ಲಿ," ಎಂದೆ.