ಕದಲದ ಅಂಕಿ

ಈ ಪಾಠಕ್ಕೆ ತೆತ್ತ ಬೆಲೆ ಮೂರು ತಾಸು. ತೆತ್ತವನು ನಾನಲ್ಲ, ಸನತ್‌ನಗರದ ನಿವೃತ್ತ ಫಿಟ್ಟರ್ ಬಸಣ್ಣ. ಕಾರಣ, ಕಂಪ್ಯೂಟರಿನ ಮೆಮೊರಿಯನ್ನು ನಾನು ತಪ್ಪಾಗಿ ಅಳೆದದ್ದು.

ಆಗ ಹಿಮಾಯತ್‌ನಗರದಲ್ಲಿ ನನ್ನದು ಮೂರು ಜನರ ಸಾಫ್ಟ್‌ವೇರ್ ಕಚೇರಿ. ನಾನು ಕಾಲೇಜು ಕಂಡವನಲ್ಲ. ಕೋಠಿ ಬಜಾರಿನ ಹಳೆಯ ಪುಸ್ತಕಗಳಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತವನು. ಒಂದು ಡಯಾಲಿಸಿಸ್ ಕೇಂದ್ರದ ದಾಖಲೆಗಳ ಕೆಲಸ ಸಿಕ್ಕಿತು. ಸರ್ವರ್ ಮಾರುವವನು ಎಂಟು ಜಿಬಿ ಮೆಮೊರಿ ಬೇಕೆಂದ. ಸಾವಿರ ರೋಗಿಗಳ ಪಟ್ಟಿಯನ್ನು ಪೈಥಾನ್‌ನಲ್ಲೇ ಅಳೆದು ಅವನಿಗೆ ತೋರಿಸಿದೆ: 8,056 ಬೈಟ್. ಒಂದು ಸಣ್ಣ ಫೋಟೊಗಿಂತ ಕಡಿಮೆ. ಚೌಕಾಸಿ ಮಾಡಿ ಎರಡು ಜಿಬಿಗೆ ಇಳಿಸಿದೆ. ಕೇಂದ್ರದ ಕಾಗದದ ಫೈಲುಗಳನ್ನೂ ನಿಲ್ಲಿಸಿದೆ.

ನನ್ನಲ್ಲಿ ಕೋಡ್ ಬರೆಯುತ್ತಿದ್ದ ಬಾಗಲಕೋಟೆಯ ಶಿವಲೀಲಾ ಒಮ್ಮೆ ಕೇಳಿದ್ದಳು: “ಅಣ್ಣಾರ, ದಿನಾ ರಿಪೋರ್ಟ್ ಸೇರಸಾಕತ್ತೀವಿ. ಮೆಮೊರಿ ಅಂಕಿ ಮಾತ್ರ ಹಂಗ ಐತಲ್ರಿ?”

“ಬೆಳೀಲಿಲ್ಲ ಅಂದ್ರ ಛಲೋ ಆತಲ್ಲವಾ,” ಅಂದೆ.

ಸರ್ವರ್ ಹಾಕಿದ ಎಂಟನೆಯ ತಿಂಗಳು, ಒಂದು ಸೋಮವಾರ ಬೆಳಿಗ್ಗೆ ಅದು ನಿಂತಿತು. ನಾನೂ ಶಿವಲೀಲಾಳೂ ಕೇಂದ್ರಕ್ಕೆ ಓಡಿದೆವು. ಮತ್ತೆ ಶುರು ಮಾಡಿದರೆ ಎಲ್ಲ ರೋಗಿಗಳ ದಾಖಲೆ ಎತ್ತಿಕೊಳ್ಳುತ್ತಲೇ ಮೆಮೊರಿ ತುಂಬಿ ಮತ್ತೆ ನಿಲ್ಲುತ್ತಿತ್ತು. ಅಂದು ಡಯಾಲಿಸಿಸ್‌ಗೆ ಬಂದಿದ್ದ ಬಸಣ್ಣನವರ ದೇಹದಿಂದ ಎಷ್ಟು ನೀರು ತೆಗೆಯಬೇಕು, ಯಾವ ಔಷಧ ಅವರಿಗೆ ಆಗದು, ಎಲ್ಲವೂ ಅದರೊಳಗೆ. ಅದನ್ನು ನೋಡದೆ ಮಷಿನ್ ಹಚ್ಚಲು ನರ್ಸ್ ಒಪ್ಪಲಿಲ್ಲ. ಬಸಣ್ಣ ಮಲಗಲಾರದೆ ಮಂಚದ ಅಂಚು ಹಿಡಿದು ಕೂತಿದ್ದರು.

“ನಿಮ್ಮ ಡಬ್ಬಿ ಯಾವಾಗ ಏಳ್ತದ್ರೀ?” ರಾಯಚೂರಿನವರಾದ ಆ ನರ್ಸ್ ಕೇಳಿದರು. “ಇವರ ಉಸಿರು ಅದಕ್ಕ ಕಾಯಂಗಿಲ್ಲ.”

ಶಿವಲೀಲಾ ಕೋಡ್ ನೋಡಿ ಮೆಲ್ಲಗೆ ಹೇಳಿದಳು: “ನಾವು ಅಳದದ್ದು ಬರೇ ಚೀಲ ರೀ. ಒಳಗಿನ ಜ್ವಾಳ ಅಳದಽ ಇಲ್ಲ.”

ನಿಜ. ಪೈಥಾನ್‌ನ ಪಟ್ಟಿಯಲ್ಲಿ ದಾಖಲೆಗಳೇ ಇರುವುದಿಲ್ಲ, ಅವು ಎಲ್ಲಿವೆ ಎಂಬ ವಿಳಾಸಗಳಷ್ಟೇ. ವಿಳಾಸಕ್ಕೆ ಎಂಟು ಬೈಟ್. ಒಳಹೊಕ್ಕು ಕೂಡಿಸಿದರೆ ಒಬ್ಬೊಬ್ಬರ ದಾಖಲೆ ಎರಡು ಎಂಬಿ ದಾಟಿತ್ತು. ಸಾವಿರ ಜನಕ್ಕೆ ಎರಡು ಜಿಬಿ ಎಲ್ಲಿ ಸಾಕು? ಅಂದಿನ ರೋಗಿಗಳ ದಾಖಲೆಯಷ್ಟೇ ಎತ್ತಿಕೊಳ್ಳುವಂತೆ ಅವಳು ಕೋಡ್ ತಿದ್ದುವಷ್ಟರಲ್ಲಿ ಮೂರು ತಾಸು ಕಳೆದಿತ್ತು, ಬಸಣ್ಣನವರ ಶ್ವಾಸಕೋಶದಲ್ಲಿ ನೀರು ತುಂಬಿತ್ತು.

ಒಂಬತ್ತು ದಿನ ಐಸಿಯುನಲ್ಲಿದ್ದು ಬದುಕಿ ಬಂದರು. ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ.

“ಫ್ಯಾಕ್ಟರ್‍ಯಾಗ ಭಾಳ ವರ್ಷ ಬಾಯ್ಲರ್ ಗೇಜ್ ನೋಡೀನ್ರಿ,” ಅಂದರು. “ಬೆಂಕಿ ಹೆಚ್ಚು ಮಾಡಿದ್ರೂ ಮುಳ್ಳು ಅಲ್ಲಾಡಲಿಲ್ಲ ಅಂದ್ರ ನಾವು ಖುಷಿ ಪಡತಿರಲಿಲ್ಲ. ಮೊದಲು ಗೇಜ್ ಬಿಚ್ಚತಿದ್ವಿ.”

ಚೌಕಾಸಿ ಬಿಡಿ ಎನ್ನುವುದಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಅಳತೆ ಹಿಡಿದು ವಾದಕ್ಕೆ ಇಳಿಯುವ ಮೊದಲು ಒಂದು ದಾಖಲೆಯನ್ನು ಬೇಕೆಂದೇ ದೊಡ್ಡದು ಮಾಡಿ ಮತ್ತೆ ಅಳೆಯಿರಿ. ಅಂಕಿ ಕದಲದಿದ್ದರೆ ಗೇಜ್ ಬಿಚ್ಚಿ. ಕಾಗದದ ಫೈಲು ನಿಲ್ಲಿಸಬೇಡಿ, ಕೈಗೆ ಸಿಗುವಂತೆ ಕಪಾಟಿನಲ್ಲಿರಲಿ.